ಬೆಂಕಿಯ ಬಾಯಲ್ಲಿ ಪಿಂಗಾಣಿ

ಕಳೆದ ಬೇಸಗೆಯಲ್ಲಿ ಖಾನಾಪುರಕ್ಕೆ ಹೋದವನು ಬರುವಾಗ ಒಂದು ಹರವಿಯನ್ನು ಕೊಂಡು ತಂದೆ. ಮಲಪ್ರಭೆಯ ದಂಡೆಯ ಆ ಊರಿನ ಮಣ್ಣಿಗೆ ಹೆಸರಿದೆ. ಅಲ್ಲಿಯ ಗಡಿಗೆ, ಹೆಂಚುಗಳು ನಮ್ಮ ಸೀಮೆಗೆಲ್ಲ ಪರಿಚಿತ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ಕೇಂದ್ರ ಸಂಸ್ಥೆ ನೆಲೆಸಿರುವುದೂ ಅಲ್ಲಿಯೇ. ಬಸ್ಸಿನಲ್ಲಿ ತೊಡೆಯ ಮೇಲೆ ಕೂಸನ್ನು ಕೂರಿಸಿಕೊಂಡಂತೆ ಜೋಪಾನ ಮಾಡಿ ಆ ಹರವಿಯನ್ನು ಬೆಳಗಾವಿಯ ಸದಾಶಿವನಗರದ ನಮ್ಮ ಮನೆಗೆ ಮುಟ್ಟಿಸಿದೆ. ರಾತ್ರಿ ನೀರು ತುಂಬಿಟ್ಟೆವು. ಬೆಳಗಾಗುವಷ್ಟರಲ್ಲಿ ಅಡುಗೆಮನೆಯ ನೆಲವೆಲ್ಲ ನೀರು. ಹರವಿಯ ಕೊರಳಿನಿಂದ ಹೊಟ್ಟೆಯವರೆಗೆ ಕೂದಲೆಳೆಯಂಥ ಒಂದು ಗೆರೆ. ಮುಂದಿನ ಸಲ ಹೋದಾಗ ಮಾರಿದ ಹೆಣ್ಣುಮಗಳ ಮುಂದೆ ಈ ಸಂಗತಿಯನ್ನು ಹೇಳಿಕೊಂಡೆ. ಆಕೆ ನಕ್ಕು, “ಬಡದು ನೋಡ್ಲಾರದ ಒಯ್ದಿದ್ರೇನ್ರಿ ಮಾಸ್ತರ?” ಎಂದಳು. ಒಂದು ಹರವಿಯನ್ನೆತ್ತಿ ಬೆರಳ ಗೆಣ್ಣಿನಿಂದ ತಟ್ಟಿದಳು, ಠಣ್ಣೆಂದಿತು. ಪಕ್ಕದ್ದನ್ನು ತಟ್ಟಿದಳು; ಬದ್ದೆಂದಿತು. ಅದನ್ನು ಮಾತಿಲ್ಲದೆ ಬದಿಗೆ ಸರಿಸಿದಳು.

ಕೇಳುಗರೇ, ಹೀಗೆ ಒಂದು ರಾತ್ರಿಯ ತಣ್ಣೀರನ್ನು ತಾಳಲಾರದೆ ಬಾಯಿಬಿಡುವ ಈ ಕುಲದ ವಸ್ತುವನ್ನು ವಿಮಾನದ ಎಂಜಿನ್ನಿನೊಳಗೆ, ಅದೂ ಬೆಂಕಿ ಅತ್ಯಂತ ಪ್ರಖರವಾಗಿರುವ ಎಡೆಯಲ್ಲಿ, ಕೂರಿಸಬೇಕೆಂದು ಜಗತ್ತಿನ ಎಂಜಿನಿಯರುಗಳು ಸುಮಾರು ಎಂಬತ್ತು ವರ್ಷಗಳಿಂದ ಹೆಣಗುತ್ತಿದ್ದಾರೆ. ಈ ಹಟ ಏಕೆ ಹುಟ್ಟಿತು, ಎಷ್ಟರಮಟ್ಟಿಗೆ ಈಡೇರಿತು ಎಂಬುದನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಸೆರಾಮಿಕ್ ಎಂಬ ಮಾತಿಗೆ ನಾನು ಪಿಂಗಾಣಿ ಎಂದು ಬಳಸುತ್ತೇನೆ. ಅದನ್ನು ಸ್ವಲ್ಪ ವಿಶಾಲವಾದ ಅರ್ಥದಲ್ಲಿ ತೆಗೆದುಕೊಳ್ಳಬೇಕು. ಲೋಹವಲ್ಲದ, ಪುಡಿಯಿಂದ ರೂಪುಗೊಳಿಸಿ ಬೆಂಕಿಯಲ್ಲಿ ಸುಟ್ಟು ಗಟ್ಟಿಗೊಳಿಸಿದ ವಸ್ತುಗಳೆಲ್ಲ ಈ ಕುಲಕ್ಕೆ ಸೇರಿದವು. ಹರವಿ, ಹೆಂಚು, ಚಹದ ಬಸಿ, ವಿದ್ಯುತ್ ಕಂಬದ ಮೇಲಿನ ಬಿಳಿಯ ಬಟ್ಟಲು ಎಲ್ಲವೂ ನೆಂಟರು. ಎಂಜಿನ್ನಿಗೆ ಬೇಕಾದವು ಇವರ ದೂರದ, ಬಲು ಶ್ರೀಮಂತ ದಾಯಾದಿಗಳು: ಸಿಲಿಕಾನ್ ನೈಟ್ರೈಡ್, ಸಿಲಿಕಾನ್ ಕಾರ್ಬೈಡ್, ಜಿರ್ಕೋನಿಯಾ. ಇವು ಹೊಲದ ಮಣ್ಣಿನಿಂದ ಬರುವವಲ್ಲ. ರಸಾಯನಶಾಲೆಯಲ್ಲಿ ಹುಟ್ಟಿದ ಶುದ್ಧ ಪುಡಿಗಳು. ಹರವಿ ಬೇಯುವುದು ಸುಮಾರು 800 ಡಿಗ್ರಿಯ ಆವಿಗೆಯಲ್ಲಿ. ಸಿಲಿಕಾನ್ ನೈಟ್ರೈಡ್‌ಗೆ 1700 ಡಿಗ್ರಿಯಾದರೂ ಬೇಕು. ಆದರೂ ಕುಂಬಾರನ ತೊಡಕುಗಳೆಲ್ಲ ಅಲ್ಲಿಯೂ ಇವೆ. ಬೆಂದಾಗ ವಸ್ತು ಕುಗ್ಗುತ್ತದೆ. ಎಷ್ಟು ಕುಗ್ಗೀತೆಂಬುದನ್ನು ಮೊದಲೇ ಲೆಕ್ಕ ಹಾಕಿ ದೊಡ್ಡದಾಗಿ ಮಾಡಿರಬೇಕು. ಬೆಂದ ಮೇಲೆ ತಿದ್ದಬೇಕೆಂದರೆ ವಜ್ರದ ಸಾಣೆಯಲ್ಲದೆ ಬೇರೆ ಉಪಾಯವಿಲ್ಲ.

ಇನ್ನು ಗ್ಯಾಸ್ ಟರ್ಬೈನ್. ಹೆಸರು ದೊಡ್ಡದಾದರೂ ತತ್ತ್ವ ಸರಳ. ಮುಂದಿನಿಂದ ಗಾಳಿಯನ್ನು ಎಳೆದುಕೊಂಡು ಒತ್ತುವ ಭಾಗ ಒಂದು. ಒತ್ತಿದ ಗಾಳಿಯಲ್ಲಿ ಎಣ್ಣೆಯನ್ನು ಉರಿಸುವ ಉರಿಗೂಡು ಇನ್ನೊಂದು. ಆ ಉರಿಯ ಅನಿಲ ನುಗ್ಗಿ ಬಂದು ತಿರುಗಿಸುವ ಅಲಗುಗಳ ಚಕ್ರ ಮೂರನೆಯದು. ಈ ಚಕ್ರವೇ ಟರ್ಬೈನ್. ಅದು ತಾನು ತಿರುಗಿ ಮುಂದಿನ ಗಾಳಿಯೊತ್ತುವ ಭಾಗವನ್ನೂ ತಿರುಗಿಸುತ್ತದೆ. ಉಳಿದ ಅನಿಲ ಹಿಂದಕ್ಕೆ ಚಿಮ್ಮಿ ವಿಮಾನವನ್ನು ಮುಂದಕ್ಕೆ ನೂಕುತ್ತದೆ. ಇಲ್ಲವೇ ವಿದ್ಯುದಾಗಾರದಲ್ಲಿ ಜನಿತ್ರವನ್ನು ತಿರುಗಿಸುತ್ತದೆ. ಟರ್ಬೈನಿನ ಒಂದೊಂದು ಅಲಗು ಅಂಗೈಗಿಂತ ಚಿಕ್ಕದಿರಬಹುದು. ಆದರೆ ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತುವಾಗ ಅದನ್ನು ಹೊರಕ್ಕೆ ಕೀಳಲೆಳಸುವ ಬಲ ಟನ್ನುಗಳ ಲೆಕ್ಕದ್ದು.

ಉರಿ ಎಷ್ಟು ಬಿಸಿಯಾದರೆ ಎಂಜಿನ್ ಅಷ್ಟು ಸಮರ್ಥ. ಇದು ಪ್ರಕೃತಿಯ ನಿಯಮ; ಇದರೊಡನೆ ಚೌಕಾಸಿ ನಡೆಯದು. ಅಷ್ಟೇ ತೂಕದ ಯಂತ್ರದಿಂದ ಹೆಚ್ಚಿನ ನೂಕುಬಲ, ಅಷ್ಟೇ ಎಣ್ಣೆಯಿಂದ ಹೆಚ್ಚಿನ ಕೆಲಸ ಬೇಕೆಂದರೆ ಅನಿಲವನ್ನು ಇನ್ನಷ್ಟು ಕಾಯಿಸಬೇಕು. ಆದರೆ ಅಲಗುಗಳನ್ನು ಮಾಡುವ ನಿಕ್ಕಲ್ ಮಿಶ್ರಲೋಹ ಸುಮಾರು 1350 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಕರಗುತ್ತದೆ. ಇಂದಿನ ಎಂಜಿನ್ನುಗಳಲ್ಲಿ ಅದಕ್ಕೆ ಬಡಿಯುವ ಅನಿಲ 1500 ಡಿಗ್ರಿಯನ್ನೂ ಮೀರಿರುತ್ತದೆ. ತನ್ನ ಕರಗುವ ಬಿಸಿಗಿಂತ ಬಿಸಿಯಾದ ಪ್ರವಾಹದಲ್ಲಿ ಲೋಹ ನಿಂತು ದುಡಿಯುತ್ತದೆಂದರೆ ಇಂದ್ರಜಾಲದಂತೆ ಕೇಳೀತು. ಗುಟ್ಟು ಇಷ್ಟೆ: ಅಲಗು ಒಳಗೆ ಟೊಳ್ಳು. ಒತ್ತಿದ ಗಾಳಿಯಲ್ಲಿ ಒಂದಂಶವನ್ನು ಉರಿಗೂಡಿಗೆ ಹೋಗದಂತೆ ಬೇರೆ ದಾರಿಯಲ್ಲಿ ತಂದು ಅಲಗಿನೊಳಗಿನ ಕೊಳವೆಗಳಲ್ಲಿ ಹರಿಸಿ, ಮೈಮೇಲಿನ ಸೂಜಿರಂಧ್ರಗಳಿಂದ ಹೊರಬಿಡುತ್ತಾರೆ. ಲೋಹ ತಂಪಾಗಿರುತ್ತದೆ, ನಿಜ. ಆದರೆ ಈ ಗಾಳಿಯನ್ನು ಒತ್ತಲು ವ್ಯಯವಾದ ಶಕ್ತಿಯ ಬಹುಪಾಲು ಕೈಬಿಟ್ಟಂತೆಯೇ. ಬಲದ ಒಂದು ಪಾಲನ್ನು ಎಂಜಿನ್ ತನ್ನ ಅಲಗುಗಳನ್ನು ಬದುಕಿಸಿಕೊಳ್ಳುವುದಕ್ಕೇ ತೆರಬೇಕಾಗುತ್ತದೆ.

ಇದು ದೂರದೇಶದ ಜಾಣರ ಸಮಸ್ಯೆಯಷ್ಟೇ ಎಂದು ನಾವು ಸುಮ್ಮನಿರುವಂತಿಲ್ಲ. ಬೆಂಗಳೂರಿನಲ್ಲಿ 1961ರ ಜೂನ್ 17ರಂದು ಮಾರುತ ಎಂಬ ಯುದ್ಧವಿಮಾನ ಮೊದಲ ಬಾರಿ ಹಾರಿತು. ಜರ್ಮನಿಯ ಕುರ್ಟ್ ಟ್ಯಾಂಕ್ ನಮ್ಮವರ ಜೊತೆ ಕೂಡಿ ರಚಿಸಿದ ಆ ವಿಮಾನದ ಮೈಕಟ್ಟು ಸೊಗಸಾಗಿತ್ತು. ಅದಕ್ಕೆ ತಕ್ಕ ಎಂಜಿನ್ ಮಾತ್ರ ಕೊನೆಯವರೆಗೂ ದೊರೆಯಲಿಲ್ಲ. ಅದೇ ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾಲಯಕ್ಕೆ 1989ರಲ್ಲಿ ಕಾವೇರಿ ಎಂಬ ಎಂಜಿನ್ನಿನ ಕೆಲಸ ಮಂಜೂರಾಯಿತು. ಅದರ ಒಡಲಿನ ಮೂಲಭಾಗಕ್ಕೆ ಕಬಿನಿ ಎಂದು ಹೆಸರು. ಎಂಜಿನ್ನಿಗೆ ನದಿಯ ಹೆಸರಿಟ್ಟವರ ರಸಿಕತೆಯನ್ನು ನಾನು ಮೆಚ್ಚುತ್ತೇನೆ. ಆದರೆ 2001ರ ಜನವರಿ 4ರಂದು ತೇಜಸ್ ವಿಮಾನ ಹಾರಿದ್ದು ಅಮೆರಿಕದ ಎಂಜಿನ್ನಿನ ಬಲದಿಂದ. ಕಾವೇರಿ 2010ರಲ್ಲಿ ರಷ್ಯದಲ್ಲಿ ಒಂದು ದೊಡ್ಡ ಸಾಗಣೆ ವಿಮಾನಕ್ಕೆ ಜೋಡಿಸಿಕೊಂಡು ಪರೀಕ್ಷೆಗಾಗಿ ಆಕಾಶ ಕಂಡಿತು. ತೇಜಸ್ಸಿನ ಮೈ ಸೇರಲಿಲ್ಲ. ತೂಕ ಹೆಚ್ಚಾಯಿತು, ನೂಕುಬಲ ಕಡಿಮೆಯಾಯಿತು. ಕಾರಣಗಳು ಹಲವಿದ್ದರೂ ಒಂದು ಮಾತು ಸ್ಪಷ್ಟ: ಎಂಜಿನ್ನಿನ ತಣ್ಣಗಿನ ಭಾಗವನ್ನು ಮಾಡಬಲ್ಲ ದೇಶಗಳು ಅನೇಕ, ಬಿಸಿಯ ಭಾಗವನ್ನು ಮಾಡಬಲ್ಲವು ಬೆರಳೆಣಿಕೆಯಷ್ಟು. ಆ ಬಿಸಿಯ ಭಾಗದ ವಿದ್ಯೆಯನ್ನು ಯಾರೂ ಯಾರಿಗೂ ಧಾರೆಯೆರೆದು ಕೊಡುವುದಿಲ್ಲ.

ಇಲ್ಲೊಂದು ಸ್ವಾರಸ್ಯವನ್ನು ಹೇಳಿ ಮುಂದೆ ಹೋಗುತ್ತೇನೆ. ಲೋಹದ ಅಲಗು ಹುಟ್ಟುವುದೇ ಪಿಂಗಾಣಿಯ ಗರ್ಭದಲ್ಲಿ. ಮೇಣದಲ್ಲಿ ಅಲಗಿನ ರೂಪು ಮಾಡಿ, ಅದನ್ನು ಪಿಂಗಾಣಿಯ ಬಗ್ಗಡದಲ್ಲಿ ಮತ್ತೆ ಮತ್ತೆ ಅದ್ದಿ ಚಿಪ್ಪು ಕಟ್ಟಿಸಿ, ಮೇಣವನ್ನು ಕರಗಿಸಿ ತೆಗೆದು, ಆ ಪೊಳ್ಳಿಗೆ ಲೋಹದ ರಸವನ್ನು ಎರೆಯುತ್ತಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ತನ್ನ ‘ಮಾನಸೋಲ್ಲಾಸ’ದಲ್ಲಿ ವಿಗ್ರಹ ಎರೆಯಲು ವಿವರಿಸಿದ ಮೇಣದಚ್ಚಿನ ಕ್ರಮವೇ ಇದು. ಅಲಗಿನೊಳಗಿನ ಗಾಳಿಯ ಕೊಳವೆಗಳನ್ನು ಮೂಡಿಸುವುದೂ ಪಿಂಗಾಣಿಯ ತಿರುಳೇ. ಎರಕ ಗಟ್ಟಿಯಾದ ಮೇಲೆ ಅದನ್ನು ಕ್ಷಾರದಲ್ಲಿ ಕರಗಿಸಿಬಿಡುತ್ತಾರೆ. ಹೈದರಾಬಾದಿನ ರಕ್ಷಣಾ ಲೋಹ ಸಂಶೋಧನಾಲಯ ಹೆಲಿಕಾಪ್ಟರ್ ಎಂಜಿನ್ನಿಗಾಗಿ ಇಡಿಯ ಅಲಗೇ ಒಂದೇ ಹರಳಾಗಿರುವಂಥ 60 ಅಲಗುಗಳನ್ನು ಹಿಂದುಸ್ಥಾನ್ ಏರೋನಾಟಿಕ್ಸ್‌ಗೆ ಒದಗಿಸಿದ್ದು 2021ರಲ್ಲಿ. ಅಲ್ಲಿಯವರು ಬೆವರು ಸುರಿಸಿದ್ದು ಲೋಹದ ಮೇಲೆ ಮಾತ್ರವಲ್ಲ. 1500 ಡಿಗ್ರಿಯ ಲೋಹರಸದ ಒತ್ತಡಕ್ಕೆ ಬಾಗದ, ಬಿರಿಯದ ಪಿಂಗಾಣಿಯ ಅಚ್ಚಿನ ಮೇಲೂ ಹೌದು. ನಮ್ಮ ಉದ್ಯಮಬಾಗಿನ ಎರಕದ ಕಾರ್ಖಾನೆಗಳಲ್ಲಿ ದುಡಿದವರಿಗೆ ಇದರ ಕಷ್ಟ ನನಗಿಂತ ಚೆನ್ನಾಗಿ ಗೊತ್ತು.

ಹಾಗಾದರೆ ಬೆಂಕಿಗೆ ಜಗ್ಗದ ಈ ಸೂಲಗಿತ್ತಿಯನ್ನೇ ಮನೆಯೊಡತಿಯಾಗಿ ಮಾಡಬಾರದೇಕೆ? ಅಲಗನ್ನೇ ಪಿಂಗಾಣಿಯಲ್ಲಿ ಮಾಡಿದರೆ ತಂಪುಗಾಳಿಯ ದಂಡ ತಪ್ಪೀತು, ತೂಕವೂ ಮೂರರಲ್ಲೊಂದು ಪಾಲಾದೀತು. ಈ ಆಸೆ ಹಳೆಯದು. ಎರಡನೆಯ ಮಹಾಯುದ್ಧದ ಕಾಲಕ್ಕೆ ನಿಕ್ಕಲ್ಲಿನ ಬರಗಾಲದಲ್ಲಿದ್ದ ಜರ್ಮನರು ಪಿಂಗಾಣಿಯ ಅಲಗುಗಳನ್ನು ಪ್ರಯತ್ನಿಸಿ ನೋಡಿದರು, ಕೈಗೂಡಲಿಲ್ಲ. ಏಕೆ ಕೈಗೂಡಲಿಲ್ಲ ಎಂಬುದಕ್ಕೆ ಉತ್ತರವನ್ನು ಒಬ್ಬ ಇಂಗ್ಲಿಷ್ ಎಂಜಿನಿಯರು ಇಪ್ಪತ್ತು ವರ್ಷ ಮೊದಲೇ ಬರೆದಿಟ್ಟಿದ್ದ.

ಆತನ ಹೆಸರು ಗ್ರಿಫಿತ್. ಫಾರ್ನ್‌ಬರೋದ ವಿಮಾನ ಸಂಶೋಧನಾಲಯದಲ್ಲಿದ್ದವನು. ಗಾಜು ಲೆಕ್ಕದ ಪ್ರಕಾರ ಬಹಳ ಬಲಿಷ್ಠವಾಗಿರಬೇಕು. ಆದರೂ ಅದರ ನೂರನೆಯ ಒಂದು ಪಾಲಿನಷ್ಟು ಬಲಕ್ಕೇ ಒಡೆಯುತ್ತದಲ್ಲ, ಏಕೆ? ಇದು ಅವನನ್ನು ಕಾಡಿದ ಪ್ರಶ್ನೆ. 1920ರ ಸುಮಾರಿಗೆ ಅವನು ಕೊಟ್ಟ ಉತ್ತರ ಇದು: ಗಾಜಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಮೊದಲೇ ಇರುತ್ತವೆ. ಜವಳಿ ಅಂಗಡಿಯವನು ಬಟ್ಟೆಯ ಅಂಚಿಗೆ ಕತ್ತರಿಯಿಂದ ಚಿಕ್ಕದೊಂದು ಗಾಯ ಮಾಡಿ ಪರ್ರೆಂದು ಹರಿಯುವುದನ್ನು ನೀವು ನೋಡಿದ್ದೀರಿ. ಗಾಯವಿಲ್ಲದ ಬಟ್ಟೆಯನ್ನು ಅವನೂ ಹಾಗೆ ಹರಿಯಲಾರ. ಎಳೆತದ ಬಲವೆಲ್ಲ ಆ ಗಾಯದ ತುದಿಗೆ ಬಂದು ಸೇರುತ್ತದೆ. ಲೋಹವಾದರೆ ಅಂಥ ತುದಿಯಲ್ಲಿ ತುಸು ಹರಿದು, ಮೆತ್ತಗಾಗಿ, ಬಿರುಕಿನ ಹರಿತವನ್ನು ಮೊಂಡು ಮಾಡುತ್ತದೆ. ಗಾಜಿಗೂ ಪಿಂಗಾಣಿಗೂ ಆ ದಾಕ್ಷಿಣ್ಯವಿಲ್ಲ. ಅವು ಬಗ್ಗುವುದನ್ನರಿಯವು, ಬಿರುಕು ಒಮ್ಮೆ ಹೊರಟರೆ ಈಚೆಯ ದಡದಿಂದ ಆಚೆಯ ದಡಕ್ಕೆ. ಸಿಲಿಕಾನ್ ನೈಟ್ರೈಡ್‌ನಂಥ ಉತ್ತಮ ಪಿಂಗಾಣಿಯಲ್ಲೂ ಕೂದಲಿನ ದಪ್ಪಕ್ಕಿಂತ ಕಿರಿದಾದ ಒಂದು ದೋಷ ಸಾಕು.

ಗ್ರಿಫಿತ್ ಇನ್ನೊಂದು ಸಂಗತಿಯನ್ನೂ ಕಂಡ. ಗಾಜನ್ನು ಕಾಯಿಸಿ ಎಳೆದು ನೂಲಾಗಿಸಿದರೆ, ನೂಲು ತೆಳುವಾದಷ್ಟೂ ಅದರ ಬಲ ಹೆಚ್ಚು. ಅಷ್ಟು ತೆಳುವಾದ ಮೈಯಲ್ಲಿ ದೊಡ್ಡ ಬಿರುಕಿಗೆ ಜಾಗವೇ ಇಲ್ಲ. ಇದನ್ನು ನೆನಪಿಟ್ಟುಕೊಂಡಿರಿ. ಇದೇ ಮನುಷ್ಯ 1926ರಲ್ಲಿ ಟರ್ಬೈನಿನ ಅಲಗುಗಳು ಹೇಗಿರಬೇಕೆಂಬ ಬಗ್ಗೆ ಬರೆದ ಪ್ರಬಂಧ ಇಂದಿನ ಜೆಟ್ ಎಂಜಿನ್ನಿನ ತಳಹದಿಗಳಲ್ಲೊಂದು. 1929ರಲ್ಲಿ ಫ್ರಾಂಕ್ ವಿಟಲ್ ಎಂಬ ತರುಣ ಅಧಿಕಾರಿ ಜೆಟ್ ಎಂಜಿನ್ನಿನ ತನ್ನ ಕಲ್ಪನೆಯನ್ನು ಹಿಡಿದುಕೊಂಡು ಬಂದಾಗ ಅದನ್ನು ಪರಿಶೀಲಿಸಿ ನಿರುತ್ಸಾಹಗೊಳಿಸಿದವನೂ ಇವನೇ! ಬಿರುಕಿನ ಶಾಸ್ತ್ರ, ನೂಲಿನ ಬಲ, ಟರ್ಬೈನು ಮೂರನ್ನೂ ಕೈಯಲ್ಲಿ ಹಿಡಿದಿದ್ದವನು ಒಬ್ಬನೇ. ಮೂರೂ ಒಂದೇ ಯಂತ್ರದಲ್ಲಿ ಕೂಡಿಕೊಳ್ಳಲು ಮಾತ್ರ ಇನ್ನೂ ಮುಕ್ಕಾಲು ಶತಮಾನ ಬೇಕಾಯಿತು.

ನಡುವೆ ನಡೆದದ್ದು ಬಿರುಕಿಲ್ಲದ ಪಿಂಗಾಣಿಯನ್ನು ಮಾಡುವ ಸಾಹಸ. ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ ಫೋರ್ಡ್ ಮತ್ತು ವೆಸ್ಟಿಂಗ್‌ಹೌಸ್ ಕಂಪನಿಗಳು 1971ರಲ್ಲಿ ದೊಡ್ಡದೊಂದು ಕಾರ್ಯಕ್ರಮವನ್ನು ಹಮ್ಮಿಕೊಂಡವು. ಸುಮಾರು 1370 ಡಿಗ್ರಿಯಲ್ಲಿ, ತಂಪುಗಾಳಿಯ ಹಂಗಿಲ್ಲದೆ ಓಡುವ ಪಿಂಗಾಣಿಯ ಟರ್ಬೈನ್ ಅವರ ಗುರಿ. ತೈಲದ ಬೆಲೆ ಏರಿದ ದಶಕವದು. ಮೋಟಾರಿಗೂ ಅಂಥ ಎಂಜಿನ್ ಬಂದೀತೆಂಬ ಕನಸಿತ್ತು. ಜಪಾನೀಯರು ಇನ್ನೂ ಮುಂದೆ ಹೋದರು. ನಿಸಾನ್ ಕಂಪನಿ 1985ರಲ್ಲಿ ಮೋಟಾರಿನ ಟರ್ಬೊಚಾರ್ಜರಿನೊಳಗೆ ಸಿಲಿಕಾನ್ ನೈಟ್ರೈಡಿನ ಚಿಕ್ಕ ಚಕ್ರವನ್ನಿಟ್ಟು ಮಾರಾಟಕ್ಕೆ ತಂದಿತು. 1988ರಿಂದ 1999ರವರೆಗೆ ಅಲ್ಲಿ ನಡೆದ 300 ಕಿಲೋವ್ಯಾಟಿನ ಪಿಂಗಾಣಿ ಟರ್ಬೈನಿನ ಪ್ರಯೋಗದಲ್ಲಿ 1350 ಡಿಗ್ರಿಯ ಅನಿಲದಿಂದ ಶೇಕಡಾ 42ರಷ್ಟು ದಕ್ಷತೆ ಸಾಧಿಸಿತು. ಅಷ್ಟು ಚಿಕ್ಕ ಯಂತ್ರಕ್ಕೆ ಇದು ಬೆರಗಿನ ಸಂಖ್ಯೆ.

ಆದರೂ ಆ ಯಂತ್ರಗಳು ಅಂಗಡಿಗೆ ಬರಲಿಲ್ಲ. ಕ್ಯಾಲಿಫೋರ್ನಿಯದ ಬೇಕರ್ಸ್‌ಫೀಲ್ಡಿನ ತೈಲಕ್ಷೇತ್ರದಲ್ಲಿ ಸೋಲಾರ್ ಟರ್ಬೈನ್ಸ್ ಕಂಪನಿ ಪಿಂಗಾಣಿಯ ಅಲಗುಗಳ ಒಂದು ಎಂಜಿನ್ನನ್ನು ಓಡಿಸುತ್ತಿದ್ದಾಗ ಎಲ್ಲಿಂದಲೋ ಕಳಚಿಬಂದ ಪುಟ್ಟದೊಂದು ಲೋಹದ ಮೊಳೆ ಅಲಗುಗಳನ್ನು ಪುಡಿಗಟ್ಟಿತು. ಲೋಹದ ಅಲಗಾಗಿದ್ದರೆ ಒಂದು ನೆಗ್ಗು ಬೀಳುತ್ತಿತ್ತು, ಅಷ್ಟೆ. ಸ್ವೀಡನ್ನಿನ ವೈಬುಲ್ ಎಂಬ ವಿಜ್ಞಾನಿ 1939ರಲ್ಲಿಯೇ ತೋರಿಸಿಕೊಟ್ಟಿದ್ದಂತೆ ಭಿದುರ ವಸ್ತುವಿನ ಬಲವೆಂಬುದು ಒಂದು ನಿಶ್ಚಿತ ಸಂಖ್ಯೆಯಲ್ಲ, ಅದೊಂದು ಸಂಭವನೀಯತೆ. ಒಂದೇ ಆವಿಗೆಯಿಂದ ಬಂದ ನೂರು ಹರವಿಗಳಲ್ಲಿ ಯಾವುದು ದುರ್ಬಲ ಎಂದು ಆವಿಗೆ ಹೇಳುವುದಿಲ್ಲ; ಹರವಿ ದೊಡ್ಡದಾದಷ್ಟೂ ಅದರಲ್ಲೊಂದು ಕೇಡು ಅಡಗಿರುವ ಸಂಭವ ಹೆಚ್ಚು. ನೀರು ಚೆಲ್ಲಿದರೆ ನೆಲ ಒರೆಸಬಹುದು. ಇನ್ನೂರು ಜನರನ್ನು ಹೊತ್ತ ವಿಮಾನದಲ್ಲಿ ಇಂಥ ಜೂಜನ್ನು ಯಾರು ಆಡಿಯಾರು?

ನನ್ನ ಮಟ್ಟಿಗೆ ಈ ಕಥೆಯ ಹೃದಯವಿರುವುದು ಮುಂದಿನ ತಿರುವಿನಲ್ಲಿ. ಬಿರುಕನ್ನು ಪೂರ್ತಿ ಹೊರಗಿಡುವ ಹಟವನ್ನು ಬಿಟ್ಟು, ಬಿರುಕಿಗೊಂದು ಎಡೆಯನ್ನು ಮಾಡಿಕೊಟ್ಟವರಿಂದ ಕೆಲಸ ಮುಂದೆ ಹೋಯಿತು.

ಮೊದಲನೆಯದು ಲೇಪ. ಅಲಗು ಲೋಹದ್ದೇ ಇರಲಿ, ಅದರ ಮೈಗೆ ಜಿರ್ಕೋನಿಯಾದ ತೆಳುವಾದ ಹೊದಿಕೆ ಇರಲಿ ಎಂಬ ಉಪಾಯ. ಅಮೆರಿಕದ ನಾಸಾ ಸಂಸ್ಥೆಯ ಕ್ಲೀವ್‌ಲ್ಯಾಂಡ್ ಪ್ರಯೋಗಾಲಯದಲ್ಲಿ 1970ರ ದಶಕದ ನಡುವಿಗೆ ಇದು ಹದಕ್ಕೆ ಬಂತು. ಬರಿಯ ಜಿರ್ಕೋನಿಯಾ ಕಾದು ಆರುವಾಗ ತನ್ನ ಹರಳಿನ ರೂಪವನ್ನು ಬದಲಿಸಿ, ಉಬ್ಬಿ, ತಾನೇ ಸಿಡಿಯುತ್ತದೆ. ನೂರಕ್ಕೆ ಏಳೆಂಟು ಪಾಲು ಯಿಟ್ರಿಯಾ ಬೆರೆಸಿದರೆ ಈ ಚಾಳಿ ನಿಲ್ಲುತ್ತದೆ. ಈ ಲೇಪದ ದಪ್ಪ ಒಂದು ಮಿಲಿಮೀಟರಿನ ಕಾಲುಭಾಗದಷ್ಟೂ ಇರಲಾರದು. ಆದರೆ ಅದರ ಹೊರಮೈಗೂ ಒಳಮೈಗೂ ನೂರು ಡಿಗ್ರಿಗೂ ಮಿಕ್ಕಿದ ಅಂತರ. ಇನ್ನು ಅದರ ಕಟ್ಟಡವನ್ನು ನೋಡಿ. ಇಲೆಕ್ಟ್ರಾನು ಕಿರಣದಿಂದ ಜಿರ್ಕೋನಿಯಾವನ್ನು ಆವಿಯಾಗಿಸಿ ಅಲಗಿನ ಮೇಲೆ ಕೂರಿಸಿದಾಗ ಅದು ಒತ್ತಾಗಿ ಬೆಳೆದ ಜೋಳದ ದಂಟುಗಳ ಹಾಗೆ, ನಡುನಡುವೆ ಸೀಳುಗಳನ್ನು ಬಿಟ್ಟುಕೊಂಡು ನಿಲ್ಲುತ್ತದೆ. ಕೆಳಗಿನ ಲೋಹ ಹಿಗ್ಗಿದರೆ ದಂಟುಗಳು ಒಂದರಿಂದೊಂದು ತುಸು ಸರಿಯುತ್ತವೆ, ಕುಗ್ಗಿದರೆ ಮತ್ತೆ ಕೂಡುತ್ತವೆ. ಸೀಳೇ ಇಲ್ಲದ ನುಣ್ಣನೆಯ ಲೇಪವಾಗಿದ್ದರೆ ಕೆಲವೇ ಹಾರಾಟಗಳಲ್ಲಿ ಹಕ್ಕಳೆಯಾಗಿ ಉದುರುತ್ತಿತ್ತು.

ಎರಡನೆಯದು ನೂಲು. ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಯಾಜಿಮಾ ಎಂಬ ಪ್ರಾಧ್ಯಾಪಕರು 1975ರಲ್ಲಿ ಸಿಲಿಕಾನ್ ಕಾರ್ಬೈಡನ್ನು ಕೂದಲಿಗಿಂತ ಎಷ್ಟೋ ತೆಳುವಾದ ಎಳೆಯಾಗಿ ಪಡೆಯುವ ದಾರಿ ಕಂಡರು. ಈ ಎಳೆಗಳನ್ನು ನೇಯ್ದು, ನಡುವಿನ ಜಾಗವನ್ನೆಲ್ಲ ಅದೇ ಸಿಲಿಕಾನ್ ಕಾರ್ಬೈಡಿನಿಂದ ತುಂಬಿದರೆ ಪಿಂಗಾಣಿಗೆ ಪಿಂಗಾಣಿಯದೇ ಹುರಿ ಸಿಕ್ಕಿದಂತೆ. ನಮ್ಮ ಹಳ್ಳಿಗಳಲ್ಲಿ ಗೋಡೆಯ ಕೆಸರಿಗೆ ಹುಲ್ಲು, ಹೊಟ್ಟು ಸೇರಿಸಿ ತುಳಿಯುವುದು ಇದೇ ಬುದ್ಧಿಯಿಂದ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಎಳೆ ಮತ್ತು ಮೈ ಒಂದಕ್ಕೊಂದು ಗಟ್ಟಿಯಾಗಿ ಬೆಸೆದುಕೊಂಡರೆ ಏನೂ ಪ್ರಯೋಜನವಿಲ್ಲ. ಮೈಯಲ್ಲಿ ಹೊರಟ ಬಿರುಕು ಎಳೆಯನ್ನೂ ಕತ್ತರಿಸಿಕೊಂಡು ಹೋಗುತ್ತದೆ. ಅದಕ್ಕಾಗಿ ಪ್ರತಿಯೊಂದು ಎಳೆಗೂ ಬೋರಾನ್ ನೈಟ್ರೈಡಿನ ಒಂದು ಜಾರುವ ಪೊರೆಯನ್ನು ತೊಡಿಸುತ್ತಾರೆ. ಬೇಕೆಂದೇ ದುರ್ಬಲವಾಗಿಟ್ಟ ಪೊರೆ ಅದು. ಬಿರುಕು ಎಳೆಯ ಹತ್ತಿರ ಬಂದು ಆ ಮೆತ್ತನೆಯ ದಾರಿಯನ್ನು ಕಂಡು ಅಡ್ಡಕ್ಕೆ ತಿರುಗುತ್ತದೆ. ಎಳೆ ಬಿರುಕಿನ ಎರಡು ದಂಡೆಗಳನ್ನೂ ಹಿಡಿದು ಸೇತುವೆಯಂತೆ ನಿಲ್ಲುತ್ತದೆ. ವಸ್ತು ಬಿರಿಯುತ್ತದೆ, ಆದರೆ ಬೀಳುವುದಿಲ್ಲ. ಗ್ರಿಫಿತ್‌ನ ನೂಲು ಅವನ ಬಿರುಕನ್ನು ತಡೆದದ್ದು ಹೀಗೆ.

ಇಷ್ಟಾದ ಮೇಲೂ ಪ್ರಕೃತಿ ಇನ್ನೊಂದು ಪೆಟ್ಟು ಕೊಟ್ಟಿತು. ಅದೂ ನೀರಿನ ರೂಪದಲ್ಲಿ! ಎಣ್ಣೆ ಉರಿದಾಗ ನೀರಾವಿ ಹುಟ್ಟುತ್ತದೆ. ಒಣಗಾಳಿಯಲ್ಲಿ ಸಿಲಿಕಾನ್ ಕಾರ್ಬೈಡಿನ ಮೇಲೆ ಸಿಲಿಕಾದ ರಕ್ಷಾಕವಚ ಕಟ್ಟಿಕೊಳ್ಳುತ್ತದೆ. ಕಾದ ನೀರಾವಿ ಆ ಕವಚವನ್ನೇ ಆವಿಯಾಗಿಸಿ ಕೊಂಡೊಯ್ಯುತ್ತದೆ. ಮೈ ಸವೆಯುತ್ತ ಹೋಗುತ್ತದೆ. ಅದೇ ಬೇಕರ್ಸ್‌ಫೀಲ್ಡಿನಲ್ಲಿ ಇಂಥ ಉರಿಗೂಡಿನ ಒಳಕವಚಗಳನ್ನು 1990ರ ದಶಕದಲ್ಲಿ ಪರೀಕ್ಷಿಸಿದಾಗ ಸುಮಾರು 5 ಸಾವಿರ ಗಂಟೆಗಳಲ್ಲಿ ತೆಗೆಯಬೇಕಾಯಿತು. ಮುಂದೆ ನೀರಾವಿಯನ್ನು ತಡೆಯುವ ಬೇರೊಂದು ಲೇಪ ಕೊಟ್ಟಾಗ ಸುಮಾರು 14 ಸಾವಿರ ಗಂಟೆ ದುಡಿದವು. ಲೋಹಕ್ಕೆ ಪಿಂಗಾಣಿಯ ಅಂಗಿ ತೊಡಿಸಿದ್ದವರು ಈಗ ಪಿಂಗಾಣಿಗೂ ಅಂಗಿ ಹೊಲಿಯಬೇಕಾಯಿತು.

ಕೊನೆಗೆ 2016ರಲ್ಲಿ, ಜನರನ್ನು ಹೊತ್ತು ದಿನವೂ ಹಾರುವ ವಿಮಾನದೊಳಗೆ ನೂಲಿನ ಪಿಂಗಾಣಿ ಕಾಲಿಟ್ಟಿತು. ಅಮೆರಿಕ ಮತ್ತು ಫ್ರಾನ್ಸ್ ಕೂಡಿ ಮಾಡಿದ ಲೀಪ್ ಎಂಬ ಎಂಜಿನ್ ಅದು. ನಮ್ಮ ದೇಶದಲ್ಲಿ ಹಾರುವ ಅನೇಕ ಏರ್‌ಬಸ್ ವಿಮಾನಗಳಲ್ಲೂ ಇದೆ. ಆದರೆ ಪಿಂಗಾಣಿಗೆ ದೊರೆತ ಜಾಗವನ್ನು ಗಮನಿಸಿ: ತಿರುಗುವ ಅಲಗಲ್ಲ, ಅಲಗುಗಳ ತುದಿಯನ್ನು ಸುತ್ತುವರಿದು ಅಲುಗಾಡದೆ ನಿಂತಿರುವ ಬಳೆ. ಹೊಸ ಸೊಸೆಗೆ ಮೊದಲ ದಿನವೇ ಒಲೆಯನ್ನು ಒಪ್ಪಿಸದ ಅತ್ತೆಯ ಎಚ್ಚರಿಕೆ ಇದರಲ್ಲಿದೆ. ಅದು ಸರಿಯೆಂದೇ ನನ್ನ ಅಭಿಪ್ರಾಯ. ತಿರುಗುವ ಪಿಂಗಾಣಿಯ ಅಲಗುಗಳನ್ನು ಜನರಲ್ ಇಲೆಕ್ಟ್ರಿಕ್ ಕಂಪನಿ ತನ್ನ ಎಫ್-414 ಎಂಜಿನ್ನಿನಲ್ಲಿ ಪರೀಕ್ಷಿಸಿದ್ದನ್ನು 2015ರಲ್ಲಿ ಪ್ರಕಟಿಸಿತು. ಈ ನೂಲನ್ನು ತೆಗೆಯುವ ಕಾರ್ಖಾನೆಗಳು ಇಡಿಯ ಜಗತ್ತಿನಲ್ಲೇ ಕೆಲವು. ದೊಡ್ಡ ಪ್ರಮಾಣದಲ್ಲಿ ಅದು ಬಹುಕಾಲ ಸಿಗುತ್ತಿದ್ದುದು ಜಪಾನಿನಲ್ಲಿ ಮಾತ್ರ. ನಮ್ಮಲ್ಲಿ ಯಾರೇ ಈ ದಾರಿ ಹಿಡಿದರೂ ನೂಲಿನಿಂದಲೇ ಆರಂಭಿಸಬೇಕು. ನೂಲಿಲ್ಲದೆ ನೇಯ್ಗೆಯ ಮಾತಿಲ್ಲ.

ನಮ್ಮ ಧೂಳು ಬೇರೆ ಇದೆ. ಎಂಜಿನ್ ಗಾಳಿಯೊಡನೆ ನುಂಗುವ ಮರಳು, ಮಣ್ಣಿನ ಕಣಗಳು 1200 ಡಿಗ್ರಿ ದಾಟಿದ ಮೇಲೆ ಕರಗಿ ಗಾಜಾಗುತ್ತವೆ. ಆ ಗಾಜು ಜಿರ್ಕೋನಿಯಾದ ದಂಟುಗಳ ನಡುವೆ ಇಳಿದು, ಆರಿದಾಗ ಹೆಪ್ಪುಗಟ್ಟಿ, ಸೀಳುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಸೀಳು ಮುಚ್ಚಿದ ಲೇಪ ಹಿಗ್ಗಲಾರದು, ಕುಗ್ಗಲಾರದು, ಉದುರುತ್ತದೆ. ಎಂಜಿನ್ ಹೆಚ್ಚು ಬಿಸಿಯಾದಷ್ಟೂ ಈ ಕಾಟ ಹೆಚ್ಚು. ಬಿಸಿಲುನಾಡಿನ ಧೂಳಿನಲ್ಲಿ ಏರಿಳಿಯುವ ವಿಮಾನಗಳನ್ನು ನೋಡಿಕೊಳ್ಳುವವರಿಗೆ ಇದು ನಿತ್ಯದ ಚಿಂತೆ.

ಇನ್ನು ತಟ್ಟಿ ನೋಡುವ ವಿಷಯ. ನೂಲಿನ ಪಿಂಗಾಣಿಯ ಮೇಲೆ ಸೂಕ್ಷ್ಮವಾದ ಧ್ವನಿಗ್ರಾಹಕಗಳನ್ನು ಅಂಟಿಸಿ, ಅದನ್ನು ಎಳೆದು, ಒಳಗಿನಿಂದ ಬರುವ ಚಿಟಿಚಿಟಿ ಸದ್ದನ್ನು ಆಲಿಸುವ ಒಂದು ಪದ್ಧತಿ ಪ್ರಯೋಗಾಲಯಗಳಲ್ಲಿದೆ. ಮೈ ಬಿರಿದಾಗಿನ ಸದ್ದು ಬೇರೆ, ಎಳೆ ಕಡಿದಾಗಿನ ಸದ್ದು ಬೇರೆ. ಖಾನಾಪುರದ ಹೆಣ್ಣುಮಗಳಿಗೆ ಒಂದು ಬದ್ದೆಂಬ ದನಿ ಕೇಳಿದರೆ ಸಾಕಾಗಿತ್ತು. ಹರವಿ ಬದಿಗೆ ಸರಿಯುತ್ತಿತ್ತು. ಇಲ್ಲಿ ಹಾಗಲ್ಲ. ಭಾರ ಬಿದ್ದಾಗಿನಿಂದಲೇ ಸದ್ದು ಶುರುವಾಗುತ್ತದೆ, ವಸ್ತು ದುಡಿಯುತ್ತಲೂ ಇರುತ್ತದೆ. ಯಾವ ಸದ್ದನ್ನು ಕೇಳಿಯೂ ಕೇಳದಂತಿರಬೇಕು, ಎಷ್ಟನೆಯ ಸದ್ದಿಗೆ ಎಂಜಿನ್ನನ್ನು ಬಿಚ್ಚಬೇಕು ಎಂಬುದನ್ನು ಅವರು ಸಾವಿರಾರು ಗಂಟೆಗಳ ಪರೀಕ್ಷೆಯಿಂದ ಕಲಿಯುತ್ತಿದ್ದಾರೆ.